ಏಳನೇ ತರಗತಿಯ ಹುಡುಗ: ಗಲಾಟೆ ಮೊದಲೋ, ಓದು ಬಾರದ್ದು ಮೊದಲೋ?

ಬಯಲುಸೀಮೆ ಮೇಷ್ಟ್ರು

ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಏಳನೇ ತರಗತಿಯ ಒಬ್ಬ ಹುಡುಗನ ವಿಚಾರದಲ್ಲಿ ನಮ್ಮ ಸ್ಟಾಫ್ ರೂಮ್ ಎರಡು ಬಣವಾಗಿದೆ. ಅನುಭವಸ್ಥರು ಒಂದು ಮಾತು ಹೇಳಿ.

ಹುಡುಗನ ಬಾಯಿಲೆಕ್ಕ ಬಲು ಚುರುಕು. ಮನೆಯವರು ಕುರಿ ಸಾಕುತ್ತಾರೆ, ಅಪ್ಪನ ಜೊತೆ ಸಂತೆಗೆ ಹೋಗುತ್ತಾನೆ. ಮರಿಗೆ 6,800ರಂತೆ ಏಳು ಮರಿಗೆ ಎಷ್ಟಾಯಿತು ಎಂದರೆ ನಾನು ಪೆನ್ನು ಹುಡುಕುವುದರೊಳಗೆ 47,600 ಎನ್ನುತ್ತಾನೆ. ಪರೀಕ್ಷೆಯಲ್ಲಿ ಮಾತ್ರ ಗಣಿತದ ಉತ್ತರ ಪತ್ರಿಕೆಯನ್ನು ಖಾಲಿ ಕೊಟ್ಟು ಎದ್ದು ಹೋಗುತ್ತಾನೆ. ಉಳಿದ ವಿಷಯಗಳ ಕಥೆ ಹೇಳುವುದೇ ಬೇಡ, ಎಲ್ಲದರಲ್ಲೂ ‘ಸಿ’.

ಅದಕ್ಕಿಂತ ದೊಡ್ಡ ತಲೆನೋವು ಅವನ ಸಿಟ್ಟು. ಪಕ್ಕದವನ ಕಂಪಾಸ್ ಪೆಟ್ಟಿಗೆಯನ್ನು ಕಿಟಕಿಯಿಂದಾಚೆ ಎಸೆಯುತ್ತಾನೆ, ಬೆಂಚು ಒದೆಯುತ್ತಾನೆ, ಏಕವಚನದಲ್ಲಿ ಬೈಯುತ್ತಾನೆ. ಮೊನ್ನೆ ಒಬ್ಬ ಹುಡುಗನ ತೋಳಿಗೆ ಕೈವಾರದಿಂದ ಚುಚ್ಚಿದ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಬ್ಬರು ಬಂದು ‘ಟಿಸಿ ಕೊಟ್ಟು ಕಳುಹಿಸಿ’ ಎಂದು ಕುಳಿತಿದ್ದಾರೆ. ಮೊದಲು ಶಿಸ್ತು ಕಲಿಯಲಿ, ಆಮೇಲೆ ಪಾಠ ಎಂದು ನಮ್ಮಲ್ಲಿ ಅರ್ಧ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಹಾಗೇಕೆ ಅನ್ನಿಸುವುದಿಲ್ಲ ಎಂದು ಅವರಿಗೆ ಒಪ್ಪುವಂತೆ ಹೇಳಲು ನನಗೆ ಬರುತ್ತಿಲ್ಲ.

ಬೆತ್ತದ ಕಾಲದವನು

ನಮ್ಮ ಕಾಲದಲ್ಲಿ ಹುಣಸೆ ಬರಲು ಇತ್ತು, ಇಂಥ ಚರ್ಚೆ ಇರಲಿಲ್ಲ. ಎಲ್ಲರೂ ಓದಿ ಮುಂದೆ ಬಂದೆವು.

ಸಂಪನ್ಮೂಲ ಶಿಕ್ಷಕಿ

ಎಲ್ಲರೂ ಬರಲಿಲ್ಲ ಸರ್. ಬರದೇ ಉಳಿದವರು ಇಲ್ಲಿ ಕುಳಿತು ಬರೆಯುತ್ತಿಲ್ಲ, ಅಷ್ಟೇ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಮೇಷ್ಟ್ರೇ, ಟಿಸಿಯ ಮಾತಿಗೂ ಉತ್ತರ ಅದೇ ಕಾಯ್ದೆಯಲ್ಲಿದೆ. 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯ ಬಗ್ಗೆ ಕೆಲವರು ತಪ್ಪು ತಿಳಿದಿದ್ದಾರೆ. ಐದು ಮತ್ತು ಎಂಟನೇ ತರಗತಿಯಲ್ಲಿ ಪರೀಕ್ಷೆ ನಡೆಸಿ ಅನುತ್ತೀರ್ಣ ಮಾಡಲು ಅದು ಅವಕಾಶ ಕೊಟ್ಟಿತೇ ಹೊರತು ಹೊರಹಾಕಲು ಅಲ್ಲ. ಎಸ್‌ಡಿಎಂಸಿ ಸಭೆಗೆ ಆ ಸೆಕ್ಷನ್ನಿನ ಪ್ರತಿ ತೆಗೆದುಕೊಂಡು ಹೋಗಿ. ನಮ್ಮ ಊರುಗಳಲ್ಲಿ ಬಾಯಿಮಾತಿಗಿಂತ ಕಾಗದಕ್ಕೆ ತೂಕ ಹೆಚ್ಚು.

ನಿವೃತ್ತ ಮುಖ್ಯೋಪಾಧ್ಯಾಯ

ಕಾಯ್ದೆ ಸರಿ, ಮೇಡಂ. ಆದರೆ ಚುಚ್ಚಿಸಿಕೊಂಡ ಹುಡುಗನ ತಾಯಿಗೆ ಏನು ಹೇಳುತ್ತೀರಿ? ಒಬ್ಬನನ್ನು ಸಂಭಾಳಿಸಲು ಹೋಗಿ ಉಳಿದ ನಲವತ್ತು ಮಕ್ಕಳ ಪಾಠ ನಿಂತುಹೋದ ತರಗತಿಗಳನ್ನು ನಾನು ನೋಡಿದ್ದೇನೆ. ಆ ನಲವತ್ತರಲ್ಲಿ ಕೂಲಿಯವರ ಮಕ್ಕಳಿದ್ದಾರೆ, ಅವರಿಗೆ ಮನೆಪಾಠವಿಲ್ಲ, ಶಾಲೆಯ ಆ ಗಂಟೆಗಳೇ ಎಲ್ಲ. ಹಕ್ಕು ಅವರಿಗೂ ಇದೆ. ಈ ಮಾತು ಆಡಿದವರನ್ನೆಲ್ಲ ಕಟುಕರು ಎನ್ನಬೇಡಿ.

ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ. ಗಲಾಟೆ ಮಾಡಿದಾಗ ಹೊರಗೆ ನಿಲ್ಲಿಸಲಿ. ತಣ್ಣಗಾದ ಮೇಲೆ ಒಳಗೆ ಬರಲಿ.

ಕೊನೆಯ ಬೆಂಚು

ಸರ್, ಹೊರಗೆ ನಿಲ್ಲಿಸುವುದರ ಬಗ್ಗೆ ನಿಂತವನ ಕಡೆಯಿಂದ ಹೇಳುತ್ತೇನೆ. ಐದರಿಂದ ಏಳನೇ ತರಗತಿಯವರೆಗೆ ನನ್ನ ಖಾಯಂ ಜಾಗ ಬಾಗಿಲಾಚೆಯ ಕಂಬದ ಪಕ್ಕ. ಇಂಗ್ಲಿಷ್ ಮೇಡಂ ಸಾಲಾಗಿ ಒಬ್ಬೊಬ್ಬರಿಂದ ಓದಿಸುತ್ತಿದ್ದರು. ನನ್ನ ಸರದಿಗೆ ಇನ್ನು ಮೂರು ಜನ ಇದ್ದಾರೆ ಎನ್ನುವಾಗ ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತಿತ್ತು. ಇಬ್ಬರು ಉಳಿದಾಗ ಮುಂದಿನವನ ಜುಟ್ಟು ಎಳೆಯುತ್ತಿದ್ದೆ. ‘ಗೆಟ್ ಔಟ್’ ಎಂದ ಕೂಡಲೇ ಜೀವ ಬಂದಂತಾಗುತ್ತಿತ್ತು. ಹೊರಗೆ ಗಾಳಿ ಇತ್ತು, ಬಿಸಿಯೂಟದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು, ಮುಖ್ಯವಾಗಿ ಓದುವ ಸರದಿ ತಪ್ಪುತ್ತಿತ್ತು. ಮೇಡಂಗೆ ಅದು ಶಿಕ್ಷೆ. ನನಗೆ ಬಿಡುಗಡೆ.

ನಾನು ಲೆಕ್ಕಾಚಾರ ಹಾಕಿ ಮಾಡುತ್ತಿದ್ದೆ ಎಂದುಕೊಳ್ಳಬೇಡಿ. ಆಗ ಕೇಳಿದ್ದರೆ ‘ಅವನೇ ಮೊದಲು ಅಣಕಿಸಿದ’ ಎಂದೇ ಹೇಳುತ್ತಿದ್ದೆ, ಅದನ್ನು ನಂಬಿಯೂ ಇದ್ದೆ.

ತುಂಗೆಯ ದಡ

ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದೇನೆ. ‘ಕೊನೆಯ ಬೆಂಚು’ ಬರೆದದ್ದನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಬೇಕು. ಕಷ್ಟದ ಕೆಲಸದಿಂದ ಪಾರಾಗಲು ಒಂದು ನಡವಳಿಕೆ ನೆರವಾದರೆ ಆ ನಡವಳಿಕೆ ಗಟ್ಟಿಯಾಗುತ್ತದೆ. ಹೊರಗೆ ನಿಂತಷ್ಟೂ ಪಾಠ ತಪ್ಪುತ್ತದೆ, ಪಾಠ ತಪ್ಪಿದಷ್ಟೂ ಮುಂದಿನ ಪಾಠ ಕಷ್ಟವಾಗುತ್ತದೆ, ಕಷ್ಟವಾದಷ್ಟೂ ಹೊರಗೆ ಹೋಗುವ ಆಸೆ ಹೆಚ್ಚುತ್ತದೆ. ‘ಮೊದಲು ಶಿಸ್ತು, ಆಮೇಲೆ ಪಾಠ’ ಎನ್ನುವುದು ಸೋಲುವುದು ಇಲ್ಲಿಯೇ. ಅವನ ಶಿಸ್ತು ಕೆಡುತ್ತಿರುವುದೇ ಪಾಠದ ಜಾಗದಲ್ಲಿ ಇದ್ದರೆ, ಪಾಠವನ್ನು ಬದಿಗಿಟ್ಟು ಶಿಸ್ತನ್ನು ಎಲ್ಲಿಂದ ತರುತ್ತೀರಿ?

ಆದರೆ ಎಲ್ಲ ಗಲಾಟೆಯೂ ಹೀಗೆಯೇ ಎಂದು ನಾನು ಹೇಳಲಾರೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಕುಳಿತಲ್ಲಿ ಕೂರಲಾಗದ ತೊಂದರೆ ಇರಬಹುದು. ಮನೆಯಲ್ಲಿ ಕುಡಿತ, ಹೊಡೆದಾಟ ಇರಬಹುದು. ಮಕ್ಕಳಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ, ಸಿಡುಕಾಗಿ ಕಾಣುತ್ತದೆ. ಆದ್ದರಿಂದ ಮೇಷ್ಟ್ರೇ, ನನ್ನ ಕೆಲವು ಪ್ರಶ್ನೆಗಳಿಗೆ ಉತ್ತರ ತನ್ನಿ. ಮನೆಯಲ್ಲೂ ಹೀಗೆಯೇ ಇದ್ದಾನೆಯೇ, ಶಾಲೆಯಲ್ಲಿ ಮಾತ್ರವೇ? ಎಡಿಎಚ್‌ಡಿ ಎನ್ನಬೇಕಾದರೆ ಕನಿಷ್ಠ ಎರಡು ಕಡೆ ಲಕ್ಷಣ ಕಾಣಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಯಾವ ಪೀರಿಯಡ್‌ನಲ್ಲಿ, ಏನು ಹೇಳಿದ ಮೇಲೆ ಸಿಟ್ಟು ಬರುತ್ತದೆ? ಒಂದು ಹಾಳೆಯಲ್ಲಿ ಮೂರು ಕಲಂ ಹಾಕಿ: ಅದಕ್ಕೆ ಮೊದಲು ಏನಾಯಿತು, ಅವನು ಏನು ಮಾಡಿದ, ಅದರಿಂದ ಅವನಿಗೆ ಏನು ಸಿಕ್ಕಿತು. ಮೂರನೆಯ ಕಲಂ ಬಿಡಬೇಡಿ. ಕಿವಿ ಸೋರುತ್ತದೆಯೇ ಕೇಳಿ, ಬೋರ್ಡ್ ಕಾಣುತ್ತದೆಯೇ ನೋಡಿ. ಹೇಳಿದ ಮಾತು ಕೇಳುವುದಿಲ್ಲ ಎಂದು ನನ್ನ ಬಳಿ ಕರೆತಂದ ಮಕ್ಕಳಲ್ಲಿ ಕೆಲವರಿಗೆ ನಿಜವಾಗಿಯೂ ಕೇಳಿಸುತ್ತಿರಲಿಲ್ಲ.

ಕೊನೆಯದಾಗಿ, ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಎರಡನೇ ತರಗತಿಯ ಪುಸ್ತಕ ಓದಿಸಿ. ಅವನು ಎಂದೂ ನೋಡಿರದ ಪುಟವಾಗಿರಲಿ.

ಇಬ್ಬರು ಮಕ್ಕಳ ತಾಯಿ

ಬೆಂಗಳೂರಿನಲ್ಲಿದ್ದೇವೆ. ದೊಡ್ಡವನಿಗೆ ಎಡಿಎಚ್‌ಡಿ ಇದೆ, ಖಾಸಗಿ ಶಾಲೆ. ಕಾಯ್ದೆಯ ಮಾತು ಬಂದದ್ದರಿಂದ ಹೇಳುತ್ತೇನೆ: ನಮ್ಮನ್ನು ಯಾರೂ ಹೊರಹಾಕಲಿಲ್ಲ. ಬದಲಿಗೆ ವಾರ ವಾರ ಫೋನ್ ಮಾಡಿ ‘ಇವತ್ತು ಬೇಗ ಕರೆದುಕೊಂಡು ಹೋಗಿ’ ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವನು ಹಾಜರು, ತರಗತಿಯಲ್ಲಿ ಇರುತ್ತಿರಲಿಲ್ಲ. ವರ್ಷದ ಕೊನೆಗೆ ‘ನಿಮ್ಮ ಮಗ ಭಿನ್ನರಾಶಿಯಲ್ಲಿ ಬಹಳ ಹಿಂದಿದ್ದಾನೆ’ ಎಂದರು. ಭಿನ್ನರಾಶಿ ಮಾಡುವಾಗ ಅವನನ್ನು ನನ್ನ ಸ್ಕೂಟರ್ ಮೇಲೆ ಕೂರಿಸಿ ಕಳುಹಿಸಿದ್ದು ಯಾರಿಗೂ ನೆನಪಿರಲಿಲ್ಲ.

ಔಷಧದ ಬಗ್ಗೆ ಇಲ್ಲಿ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮನೋವೈದ್ಯರು ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರು. ಅತ್ತೆಯವರಿಗೆ ಒಪ್ಪಿಸಲು ನಾನು ಪಟ್ಟ ಪಾಡು ಬೇರೆ ಕಥೆ. ಔಷಧ ಶುರುವಾದ ಮೇಲೆ ಕುಳಿತ ಕಡೆ ಕುಳಿತುಕೊಳ್ಳುವುದು ಬಂತು. ಭಿನ್ನರಾಶಿ ಬರಲಿಲ್ಲ! ತಪ್ಪಿಹೋದ ಪಾಠವನ್ನು ಯಾವ ಮಾತ್ರೆಯೂ ತುಂಬಿಕೊಡುವುದಿಲ್ಲ, ಅದನ್ನು ನಾವು ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಮೊದಲಿನಿಂದ ಮಾಡಬೇಕಾಯಿತು. ಹಸಿವು ಕಡಿಮೆಯಾಯಿತು, ಮಧ್ಯಾಹ್ನದ ಡಬ್ಬಿ ಹಾಗೆಯೇ ವಾಪಸ್ ಬರುತ್ತಿತ್ತು. ವೈದ್ಯರು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪ್ರಮಾಣ ಸರಿಮಾಡಿದರು.

ಓಹಾಯೋ ಕನ್ನಡತಿ

ಇಲ್ಲಿನ ಸರ್ಕಾರಿ ಶಾಲೆಯಲ್ಲಿ ವಿಶೇಷ ಶಿಕ್ಷಣದ ಸಹಾಯಕಿಯಾಗಿದ್ದೇನೆ. ಅಮೆರಿಕದ ಕಾನೂನಿನಲ್ಲಿ ಇಂಥ ಮಕ್ಕಳಿಗಾಗಿಯೇ ‘ಭಾವನಾತ್ಮಕ ತೊಂದರೆ’ ಎಂಬ ಒಂದು ವರ್ಗವಿದೆ. ತೊಂದರೆ ಬಹುಕಾಲದಿಂದ ಇರಬೇಕು, ತೀವ್ರವಾಗಿರಬೇಕು, ಓದಿಗೆ ಪೆಟ್ಟು ಕೊಡುತ್ತಿರಬೇಕು. ಹಾಗಿದ್ದರೆ ಆ ಮಗುವಿಗೆ ಪ್ರತ್ಯೇಕ ಕಲಿಕಾ ಯೋಜನೆ ಬರೆಯಲೇಬೇಕು, ಪೋಷಕರು ಕುಳಿತು ಒಪ್ಪಬೇಕು.

ಇಲ್ಲೇನೋ ಸ್ವರ್ಗವಿದೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅಂಗವಿಕಲ ವರ್ಗಗಳಲ್ಲಿ ನಡುವೆಯೇ ಶಾಲೆ ಬಿಡುವವರ ಪ್ರಮಾಣ ಅತಿ ಹೆಚ್ಚಿರುವುದು ಇದೇ ಮಕ್ಕಳಲ್ಲಿ. ಈ ಹಣೆಪಟ್ಟಿ ಕಪ್ಪು ಹುಡುಗರಿಗೆ ಅವರ ಸಂಖ್ಯೆಯನ್ನು ಮೀರಿ ಬೀಳುತ್ತದೆ. ಅಮಾನತಿನ ವಿಷಯದಲ್ಲೂ ಅದೇ ಪಾಡು. ಫೈಲು ದಪ್ಪವಾದರೆ ಮಗು ಕಲಿತಿದೆ ಎಂದರ್ಥವಲ್ಲ.

ಮುಖ್ಯೋಪಾಧ್ಯಾಯರು ನಲವತ್ತು ಮಕ್ಕಳ ಮಾತೆತ್ತಿದರಲ್ಲ, ಅದಕ್ಕೊಂದು ವಿಷಯ. 1969ರಷ್ಟು ಹಿಂದೆಯೇ ಇಲ್ಲಿನ ಸಂಶೋಧಕರು ಒಂದು ಆಟ ಮಾಡಿ ನೋಡಿದ್ದರು. ತರಗತಿಯನ್ನು ಎರಡು ತಂಡ ಮಾಡುವುದು, ನಿಯಮ ಮುರಿದಾಗಲೆಲ್ಲ ಆ ತಂಡದ ಹೆಸರಿನ ಕೆಳಗೆ ಬೋರ್ಡಿನ ಮೇಲೆ ಒಂದು ಗೆರೆ, ಗೆರೆ ಕಡಿಮೆ ಇದ್ದ ತಂಡಕ್ಕೆ ಸಣ್ಣ ಬಹುಮಾನ. ಎರಡೂ ತಂಡ ಮಿತಿಯೊಳಗಿದ್ದರೆ ಎರಡಕ್ಕೂ ಗೆಲುವು. ಖರ್ಚಿಲ್ಲ, ಇಡೀ ತರಗತಿ ತಣ್ಣಗಾಗುತ್ತದೆ, ಒಬ್ಬನತ್ತ ಬೆರಳು ತೋರಿಸಬೇಕಿಲ್ಲ. ಇವತ್ತಿಗೂ ಬಳಕೆಯಲ್ಲಿದೆ.

ನಿವೃತ್ತ ಮುಖ್ಯೋಪಾಧ್ಯಾಯ

ಇದು ಒಪ್ಪುವ ಮಾತು. ಆದರೆ ಒಬ್ಬನಿಂದಲೇ ತಂಡ ಸೋಲುತ್ತಾ ಹೋದರೆ ಊಟದ ಬಿಡುವಿನಲ್ಲಿ ಅವನಿಗೆ ಏಟು ಬೀಳುತ್ತದೆ, ನೋಡಿಕೊಳ್ಳಿ.

ಓಹಾಯೋ ಕನ್ನಡತಿ

ಹೌದು ಸರ್. ಅಂಥ ಮಗುವನ್ನು ಕೆಲವು ದಿನ ಒಬ್ಬನೇ ಒಂದು ತಂಡ ಎಂದು ಮಾಡುವುದುಂಟು, ಗೆಲ್ಲಲು ಅವನಿಗೆ ಬೇರೆ ಮಿತಿ ಕೊಟ್ಟು.

ಸಂಪನ್ಮೂಲ ಶಿಕ್ಷಕಿ

ನಮ್ಮಲ್ಲಿ ಆ ವರ್ಗವೇ ಇಲ್ಲ ಎನ್ನುವುದು ನನ್ನ ದಿನನಿತ್ಯದ ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಬೌದ್ಧಿಕ ಅಂಗವೈಕಲ್ಯ ಇದೆ, ಮಾನಸಿಕ ಕಾಯಿಲೆಯೂ ಇದೆ. ಎಡಿಎಚ್‌ಡಿ ಇಲ್ಲ. ಸಿಟ್ಟಿನ ಮಗು, ಭಯದ ಮಗು ಆ ಪಟ್ಟಿಯ ಯಾವ ಸಾಲಿಗೂ ಸಲೀಸಾಗಿ ಸೇರುವುದಿಲ್ಲ. ನಾನು ಬಿಐಇಆರ್‌ಟಿ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ. ಇಡೀ ಬ್ಲಾಕಿನ ಮಕ್ಕಳು ನಮ್ಮ ಪಾಲಿಗೆ. ಕಣ್ಣು ಕಾಣದ ಮಗುವಿಗೆ, ನಡೆಯಲಾಗದ ಮಗುವಿಗೆ ನಮೂನೆ ಇದೆ, ಕಲಂ ಇದೆ, ಸಾಮಗ್ರಿ ಇದೆ. ಬೆಂಚು ಒದೆಯುವ ಮಗುವಿಗೆ ಏನಿದೆ? ನನ್ನ ಸ್ವಂತ ಆಸಕ್ತಿ ಇದೆ, ಅದಕ್ಕೆ ಬಸ್ ಚಾರ್ಜು ಸಿಗುವುದಿಲ್ಲ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಕಂಡುಬಂದಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರಾಯಿತು. ಬೆಂಚು ಒದೆಯುವವನು ಒಬ್ಬ. ಉಳಿದಿಬ್ಬರು ಯಾರು ಎಂದು ಹುಡುಕಿದವರು ಯಾರಾದರೂ ಇದ್ದಾರೆಯೇ?

ಜಾಜಿ

ಉಳಿದಿಬ್ಬರಲ್ಲಿ ಒಬ್ಬಳು ನಾನಾಗಿದ್ದೆ. ‘ಬಹಳ ಒಳ್ಳೆಯ ಹುಡುಗಿ, ಬಾಯಿ ಬಿಡುವುದಿಲ್ಲ’ ಎಂದು ಪ್ರಗತಿ ಪತ್ರದಲ್ಲಿ ಬರೆಯುತ್ತಿದ್ದರು. ಬಾಯಿ ಬಿಡಲು ಆಗುತ್ತಿರಲಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ವಾಂತಿ, ಹಾಲ್‌ನಲ್ಲಿ ಕೈ ನಡುಕ, ಬಂದದ್ದೂ ಮರೆತುಹೋಗುವುದು. ಅಂಕ ಇಳಿದಾಗ ‘ಮೊಬೈಲ್ ಜಾಸ್ತಿಯಾಗಿದೆ’ ಎಂದರು. ಗಲಾಟೆ ಮಾಡುವವರ ಬಗ್ಗೆ ಕೊನೆಯ ಪಕ್ಷ ಸಭೆಯಾದರೂ ನಡೆಯುತ್ತದೆ.

ತುಂಗೆಯ ದಡ

ಜಾಜಿ ಅವರೇ, ಬರೆದದ್ದು ಒಳ್ಳೆಯದಾಯಿತು. ಇಂಥ ಆತಂಕಕ್ಕೆ ಚಿಕಿತ್ಸೆ ಇದೆ, ಬಹುತೇಕ ಮಾತುಕತೆಯಲ್ಲೇ. ಓದುತ್ತಿರುವ ಯಾರಿಗಾದರೂ ಬೇಕಾದರೆ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವಾಗ ಎಂದು ವಿಚಾರಿಸಿಕೊಂಡು ಹೋಗಿ, ಇಲ್ಲವಾದರೆ ಬಸ್ಸಿನ ಖರ್ಚು ದಂಡ.

ಬಯಲುಸೀಮೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತಡವಾಗಿ ಬರುತ್ತಿದ್ದೇನೆ, ನಡುವೆ ಗಣತಿ ಕೆಲಸ ಬಿತ್ತು. ಮೇಡಂ ಹೇಳಿದ ಕೆಲಸ ಒಂದೊಂದಾಗಿ ಮಾಡಿದೆ.

ಮೊದಲು ಓದಿಸಿದ್ದನ್ನು ಹೇಳುತ್ತೇನೆ. ಮಧ್ಯಾಹ್ನ ಎಲ್ಲರೂ ಆಟಕ್ಕೆ ಹೋದ ಮೇಲೆ ಲೈಬ್ರರಿ ಕೋಣೆಯಲ್ಲಿ ಕೂರಿಸಿಕೊಂಡೆ. ಅವನದೇ ಕನ್ನಡ ಪುಸ್ತಕ ತೆರೆದು ‘ಈ ಪದ್ಯ ಓದು’ ಎಂದೆ. ಸರಾಗವಾಗಿ ಹೇಳಿದ. ಬೆರಳನ್ನು ಗಮನಿಸಿದೆ. ಬಾಯಿ ನಾಲ್ಕನೆಯ ಸಾಲಿನಲ್ಲಿದ್ದಾಗ ಬೆರಳು ಎರಡನೆಯ ಸಾಲಿನಲ್ಲಿತ್ತು. ಆಮೇಲೆ ಎರಡನೇ ತರಗತಿಯ, ಅವನಿಗೆ ಗೊತ್ತಿಲ್ಲದ ಒಂದು ಪುಟ ಕೊಟ್ಟೆ. ‘ಮರ’, ‘ಗಿಡ’, ‘ನರಿ’ ಆಯಿತು. ‘ಅಕ್ಕ’ ಆಯಿತು. ‘ಬೆಳ್ಳಕ್ಕಿ’ಯಲ್ಲಿ ನಿಂತ. ‘ಸ್ವಾತಂತ್ರ್ಯ’ ಎಂದು ಬರೆದು ತೋರಿಸಿದೆ. ಸುಮ್ಮನೆ ನನ್ನ ಮುಖ ನೋಡಿದ, ಪುಸ್ತಕವನ್ನು ನಿಧಾನವಾಗಿ ನನ್ನ ಕಡೆಗೆ ತಳ್ಳಿದ. ಒದೆಯಲಿಲ್ಲ, ಬೈಯಲಿಲ್ಲ. ನೋಡಲು ಅಲ್ಲಿ ಯಾರೂ ಇರಲಿಲ್ಲವಲ್ಲ.

ಅವನ ನೋಟ್‌ಬುಕ್ ನೋಡಿದರೆ ಇದು ಯಾರಿಗೂ ಗೊತ್ತಾಗದು. ಬೋರ್ಡಿನಲ್ಲಿ ಇದ್ದದ್ದನ್ನು ಒತ್ತು, ಕೊಂಬು, ದೀರ್ಘ ಒಂದೂ ಬಿಡದೆ ಅಚ್ಚುಕಟ್ಟಾಗಿ ಇಳಿಸಿದ್ದಾನೆ. ಚಿತ್ರ ಬರೆದಂತೆ ಬರೆಯುತ್ತಾನೆ. ಪ್ರತಿ ಪುಟಕ್ಕೂ ನಮ್ಮದೇ ಕೆಂಪು ಶಾಯಿಯ ಸಹಿ ಇದೆ.

ಈ ಮಕ್ಕಳ ವರ್ಷಗಳನ್ನು ಹಿಂದಕ್ಕೆ ಎಣಿಸಿ ನೋಡಿ. 2020ರಲ್ಲಿ ಎರಡನೇ ತರಗತಿ. ಆ ವರ್ಷ ಇವರಿಗೆ ಶಾಲೆ ತೆರೆಯಲೇ ಇಲ್ಲ, ಊರಲ್ಲೇ ಮಕ್ಕಳನ್ನು ಗುಂಪು ಮಾಡಿ ಕಲಿಸುವ ವಿದ್ಯಾಗಮ ಶುರುವಾಗಿ ನಡುವೆಯೇ ನಿಂತಿತು. ಒಂದರಿಂದ ಐದನೇ ತರಗತಿಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಅಷ್ಟರಲ್ಲಿ ಇವರು ಮೂರನೇ ತರಗತಿಯ ಅರ್ಧ ದಾರಿಯಲ್ಲಿದ್ದರು. ಚಿಕ್ಕ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ನಲಿಕಲಿಯಲ್ಲಿ ಗುಣಿತಾಕ್ಷರದಿಂದ ಒತ್ತಕ್ಷರಕ್ಕೆ ಏರಬೇಕಾದ ಕಾಲ ಹಾಗೆ ಹೋಯಿತು. ಓದುವ ಅಕ್ಕನೋ ಅಣ್ಣನೋ ಇದ್ದ ಮಕ್ಕಳು ಹೇಗೋ ದಾಟಿದರು. ಇವನು ಅಪ್ಪನ ಜೊತೆ ಕುರಿ ಹಿಂದೆ ಹೋದ. ನಾಲ್ಕನೇ ತರಗತಿಗೆ ಬರುವಾಗ ಪುಸ್ತಕ ಮಾತ್ರ ನಾಲ್ಕನೆಯದು.

ಮೂರು ಕಲಂ ಹಾಳೆಯನ್ನೂ ಇಟ್ಟೆ. ಕನ್ನಡ, ಸಮಾಜ ವಿಜ್ಞಾನ, ಇಂಗ್ಲಿಷ್: ಬಹುಪಾಲು ಗಲಾಟೆ ಇಲ್ಲಿ, ಅದರಲ್ಲೂ ಗಟ್ಟಿಯಾಗಿ ಓದಿಸುವಾಗ. ದೈಹಿಕ ಶಿಕ್ಷಣದಲ್ಲಿ ಇಲ್ಲ. ಬಾಯಿಲೆಕ್ಕದಲ್ಲಿ ಇಲ್ಲ. ಗಣಿತದಲ್ಲಿ ವಾಕ್ಯರೂಪದ ಲೆಕ್ಕ ಕೊಟ್ಟರೆ ಇದೆ. ಕೈವಾರದ ಪ್ರಕರಣಕ್ಕೂ ಮೊದಲು, ಚುಚ್ಚಿಸಿಕೊಂಡ ಹುಡುಗ ‘ಅವನಿಗೆ ಓದಲು ಬರುವುದಿಲ್ಲ ಸಾರ್, ಮುಂದಿನವರಿಗೆ ಹೇಳಿ’ ಎಂದಿದ್ದನಂತೆ. ಮೂರನೆಯ ಕಲಂನಲ್ಲಿ ಪ್ರತಿ ಸಲವೂ ಒಂದೇ ಉತ್ತರ: ಹೊರಗೆ ಕಳುಹಿಸಿದೆವು.

ಮನೆಗೂ ಹೋಗಿದ್ದೆ. ಮನೆಯಲ್ಲಿ ಅಂಥ ಸಿಟ್ಟೇನೂ ಇಲ್ಲ, ಅಜ್ಜಿಯ ಮುದ್ದಿನ ಮೊಮ್ಮಗ. ಚಿಕ್ಕಂದಿನಲ್ಲಿ ಎಡಗಿವಿ ಸೋರುತ್ತಿತ್ತು, ಎಣ್ಣೆ ಬಿಡುತ್ತಿದ್ದೆವು ಎಂದು ತಾಯಿ ಹೇಳಿದರು.

ತುಂಗೆಯ ದಡ

ಎಣ್ಣೆ ಬಿಡುವುದು ಬೇಡವೆಂದು ಖಡಾಖಂಡಿತವಾಗಿ ಹೇಳಿ. ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದಲ್ಲ, ಅವರ ಮೂಲಕ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರೆ ದಾರಿ ಸುಲಭ. ನೀವು ಬರೆದದ್ದನ್ನು ನೋಡಿದರೆ ಎಡಿಎಚ್‌ಡಿ ಎನ್ನಲು ಕಾರಣ ಕಾಣುತ್ತಿಲ್ಲ. ಕಲಿಕಾ ನ್ಯೂನತೆ ಇದೆಯೋ ಅಥವಾ ಕಲಿಸದೇ ಬಿಟ್ಟದ್ದೋ ಎಂದು ಈಗಲೇ ತೀರ್ಮಾನಿಸಲು ಬಾರದು. ಕೆಲವು ತಿಂಗಳು ಸರಿಯಾಗಿ ಕಲಿಸಿ ನೋಡಿದಾಗ ಅದೇ ತಿಳಿಯುತ್ತದೆ.

ನಿವೃತ್ತ ಮುಖ್ಯೋಪಾಧ್ಯಾಯ

ಹಾಗಾದರೆ ತರಗತಿಯಲ್ಲಿ ಏನು ಮಾಡುತ್ತಿದ್ದೀರಿ? ಲೈಬ್ರರಿ ಕೋಣೆಯಲ್ಲಿ ಎಲ್ಲರೂ ಒಳ್ಳೆಯವರೇ.

ಬಯಲುಸೀಮೆ ಮೇಷ್ಟ್ರು

ಸರಿಯಾಗಿ ಹಿಡಿದಿರಿ ಸರ್. ಸಾಲಾಗಿ ಓದಿಸುವುದನ್ನು ನನ್ನ ಪೀರಿಯಡ್‌ನಲ್ಲಿ ನಿಲ್ಲಿಸಿದ್ದೇನೆ. ಎಲ್ಲರೂ ಒಟ್ಟಿಗೆ ಓದುತ್ತಾರೆ, ಅಥವಾ ಜೋಡಿಯಾಗಿ. ಅವನಿಗೆ ಯಾವ ಪ್ಯಾರಾ ಬರುತ್ತದೆ ಎಂದು ಹಿಂದಿನ ದಿನವೇ ಗುಟ್ಟಾಗಿ ಹೇಳಿ, ಮಧ್ಯಾಹ್ನ ಸ್ವಲ್ಪ ಹೊತ್ತು ಅದನ್ನೇ ಬಿಡಿಸಿ ಓದಿಸುತ್ತೇನೆ. ಒತ್ತಕ್ಷರಗಳನ್ನು ಗುಂಪು ಗುಂಪಾಗಿ ಮಾಡಿಕೊಂಡಿದ್ದೇವೆ, ಮೊದಲು ಸಜಾತಿಯವು, ‘ಅಕ್ಕ’, ‘ಬೆಲ್ಲ’, ‘ಕತ್ತೆ’. ಆಮೇಲೆ ವಿಜಾತಿ. ಪದಗಳು ಅವನ ಲೋಕದವೇ: ಹಟ್ಟಿ, ಉಣ್ಣೆ, ಟಗರಿನ ಕೊಬ್ಬು, ಸಂತೆಯ ಪಟ್ಟಿ. ಸಿಟ್ಟು ಬಂದರೆ ನನ್ನ ಮೇಜಿನ ಬಳಿ ಬಂದು ನಿಲ್ಲಬಹುದು, ನೀರು ಕುಡಿಯಬಹುದು. ತಿರುಗಿ ಬಂದು ಅದೇ ಕೆಲಸ ಮುಗಿಸಬೇಕು, ಅದರಲ್ಲಿ ವಿನಾಯಿತಿ ಇಲ್ಲ. ಚುಚ್ಚಿಸಿಕೊಂಡ ಹುಡುಗನ ಮನೆಗೆ ನಮ್ಮ ಹುಡುಗನ ಅಪ್ಪನನ್ನೇ ಕರೆದುಕೊಂಡು ಹೋಗಿ ಮಾತನಾಡಿಸಿ ಬಂದೆವು. ಅದು ಕಾನೂನಿಗಿಂತ ಹೆಚ್ಚು ಕೆಲಸ ಮಾಡಿತು, ಟಿಸಿಯ ಮಾತು ಸದ್ಯಕ್ಕೆ ತಣ್ಣಗಿದೆ.

ಫಲ ಮಿಶ್ರ. ನನ್ನ ಪೀರಿಯಡ್‌ನಲ್ಲಿ ಗಲಾಟೆ ಬಹಳ ಕಡಿಮೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಮೊದಲಿನಂತೆಯೇ ಇದೆ, ಅಲ್ಲಿ ಸಾಲು ಓದು ನಿಂತಿಲ್ಲ. ಗಣಿತದವರು ಒಂದು ಕಿರು ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ತಾವೇ ಓದಿ ಹೇಳಿದರು, ಇಪ್ಪತ್ತಕ್ಕೆ ಹದಿನಾಲ್ಕು ಬಂತು. ‘ಇದು ಅನ್ಯಾಯ, ಎಲ್ಲರಿಗೂ ಓದಿ ಹೇಳಬೇಕಾಗುತ್ತದೆ’ ಎಂದು ಒಬ್ಬರು ತಕರಾರು ತೆಗೆದಿದ್ದಾರೆ. ಎಲ್ಲರಿಗೂ ಓದಿ ಹೇಳಿದರೆ ನಷ್ಟವೇನು ಎಂದು ಕೇಳಿದೆ, ಇನ್ನೂ ಉತ್ತರ ಬಂದಿಲ್ಲ.

ಸಂಪನ್ಮೂಲ ಶಿಕ್ಷಕಿ

ಆ ಹದಿನಾಲ್ಕು ಅಂಕದ ಹಾಳೆಯನ್ನು ಜೋಪಾನವಾಗಿಡಿ. ಮುಂದೆ ಕಲಿಕಾ ನ್ಯೂನತೆ ಎಂದು ದೃಢಪಟ್ಟರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ಸೌಲಭ್ಯ ಕೇಳಬಹುದು. ಹತ್ತನೇ ತರಗತಿಯ ಜನವರಿಯಲ್ಲಿ ಪ್ರಮಾಣ ಪತ್ರಕ್ಕೆ ಓಡಾಡುವ ಪೋಷಕರನ್ನು ಪ್ರತಿ ವರ್ಷ ನೋಡುತ್ತೇನೆ, ಹಾಗಾಗುವುದು ಬೇಡ.

ಇನ್ನೊಂದು. ನಿಮ್ಮ ಶಾಲೆ ಏಳಕ್ಕೆ ಮುಗಿಯುತ್ತದೆ. ಎಂಟಕ್ಕೆ ಪ್ರೌಢಶಾಲೆಗೆ ಹೋದಾಗ ಅಲ್ಲಿನವರಿಗೆ ಕಾಣುವುದು ಒಂದು ಟಿಸಿ ಮತ್ತು ಒಂದು ಬೆಂಚು ಒದೆಯುವ ಹುಡುಗ. ನೀವು ಒಂದು ಪುಟ ಬರೆದು ಜೊತೆಗೆ ಕಳುಹಿಸಬೇಕು.

ನಿವೃತ್ತ ಮುಖ್ಯೋಪಾಧ್ಯಾಯ

ಕಳುಹಿಸಿ, ಆದರೆ ಅದರಲ್ಲಿ ಕೈವಾರದ ಕಥೆ ಬರೆಯಬೇಡಿ. ಅದನ್ನು ಓದಿದವರು ಉಳಿದದ್ದನ್ನು ಓದುವುದಿಲ್ಲ. ಯಾವ ಒತ್ತಕ್ಷರದವರೆಗೆ ಓದುತ್ತಾನೆ, ಪ್ರಶ್ನೆ ಓದಿ ಹೇಳಿದರೆ ಎಷ್ಟು ಅಂಕ ತೆಗೆಯುತ್ತಾನೆ, ಎಲ್ಲರೆದುರು ಥಟ್ಟನೆ ಓದಿಸಬೇಡಿ, ಎಡಗಿವಿಯ ಕಡೆ ಗೋಡೆ ಬರುವಂತೆ ಕೂರಿಸಿ, ಇಷ್ಟೇ ಸಾಕು. ಸಾಧ್ಯವಾದರೆ ಅಂಚೆಯಲ್ಲಿ ಕಳುಹಿಸದೆ ನೀವೇ ಹೋಗಿ ಅಲ್ಲಿನ ಕನ್ನಡ ಮೇಷ್ಟ್ರ ಕೈಯಲ್ಲಿ ಕೊಡಿ.